ಪೀಣ್ಯದಲ್ಲಿ ಊಟ ಎಲ್ಲಿ? ಈ ಸಲ ಹೆಸರು ಬರೆಯಲ್ಲ

ನಿಮ್ಮೂರಿಂದ ಒಬ್ಬರಾದರೂ ಪೀಣ್ಯದಲ್ಲಿ ಇದ್ದೇ ಇರ್ತಾರೆ. ಮಗನೋ, ತಂಗಿಯೋ, ಐಟಿಐ ಮುಗಿಸಿದ ಪಕ್ಕದ ಮನೆ ಹುಡುಗನೋ. ರಾತ್ರಿ ಒಂಬತ್ತರ ಹೊತ್ತಿಗೆ ಊರಿಂದ ಫೋನ್ ಹೋಗುತ್ತೆ. ಈ ಕಡೆಯಿಂದ ಮೊದಲ ಮಾತು, "ಊಟ ಆಯ್ತಾ?" ಆ ಕಡೆಯಿಂದ ಒಂದೇ ಉತ್ತರ, "ಆಯ್ತು." ಏನು ಉಂಡೆ, ಎಲ್ಲಿ ಉಂಡೆ, ಎಷ್ಟು ಕೊಟ್ಟೆ ಅಂತ ಯಾರೂ ಕೇಳಲ್ಲ. ಕೇಳಿದ್ರೂ ಸರಿಯಾಗಿ ಹೇಳಲ್ಲ.

ಆ "ಆಯ್ತು" ಅನ್ನೋ ಊಟ ಎಲ್ಲಿ ಆಗುತ್ತೆ ಅಂತ ಈ ಸಲ ಬರೀತಾ ಇದ್ದೀವಿ. ಬರೆಯೋದಕ್ಕೆ ಇನ್ನೊಂದು ಕಾರಣವೂ ಇದೆ. ಎರಡು ವರ್ಷದ ಹಿಂದೆ ಇದೇ ವಿಷಯ ಬರೆದು ನಾವು ಒಂದು ತಪ್ಪು ಮಾಡಿದ್ವಿ. ಅದನ್ನೂ ಹೇಳ್ಬೇಕು.

ನಾವು ಅಂದ್ರೆ ಇಬ್ಬರು. ಒಬ್ಬ ಬರೆಯೋನು, ಒಬ್ಬ ಫೋಟೊ ತೆಗೆಯೋನು. ಇಬ್ಬರೂ ಶಿರಾ ಕಡೆಯವರು. ಪತ್ರಿಕೋದ್ಯಮ ಡಿಪ್ಲೊಮಾಗೆ ಸೇರೋ ಮುಂಚೆ, 2010ರಲ್ಲಿ, ಪೀಣ್ಯದ ಒಂದು ಸಣ್ಣ ಮೆಷಿನ್ ಶಾಪ್‌ನಲ್ಲಿ ಹನ್ನೊಂದು ತಿಂಗಳು ದುಡಿದಿದ್ವಿ. ತುಮಕೂರು ರಸ್ತೆ ಉದ್ದಕ್ಕೂ ಮೆಟ್ರೊ ಕಂಬ ಎಬ್ಬಿಸ್ತಾ ಇದ್ದ ಕಾಲ. ಒಂದು ರೂಮಲ್ಲಿ ಐದು ಜನ, ಒಂದು ಸೀಮೆಎಣ್ಣೆ ಸ್ಟೌ. ತಿಂಗಳ ಕೊನೇ ವಾರ ಒಂದೇ ಹೊತ್ತು ಉಂಡು, ಮನೆಗೆ ಫೋನ್ ಮಾಡಿ "ಆಯ್ತಮ್ಮ" ಅಂದಿದ್ದು ನಾವೂ ಇದ್ದೀವಿ. ಈಗ ತಾಲ್ಲೂಕಲ್ಲಿ ಕೂತು ಸುದ್ದಿಗೆ ಇಷ್ಟು ಅಂತ ದುಡ್ಡು ತಗೊಳ್ಳೋ ಸ್ಟ್ರಿಂಗರ್‌ಗಳು. ಬೆಂಗಳೂರಿಗೆ ಏನಾದ್ರೂ ಕೆಲಸ ಬಿದ್ದರೆ ಪೀಣ್ಯದಲ್ಲಿ ಇಳಿಯದೆ ಬರಲ್ಲ.

ಮೊದಲು ದಾರಿ

ನಮ್ಮ ಕಡೆಯಿಂದ ಹೋದ್ರೆ ನೆಲಮಂಗಲ, ಮಾದಾವರ ದಾಟಿ ನಾಗಸಂದ್ರ, ಎಂಟನೇ ಮೈಲಿ, ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್, ಆಮೇಲೆ ಗೊರಗುಂಟೆಪಾಳ್ಯ. ಬಸ್ಸು ಮೇಲ್ಸೇತುವೆ ಹತ್ತಿಬಿಟ್ಟರೆ ನಡುವೆ ಎಲ್ಲೂ ನಿಲ್ಲಲ್ಲ, ಸೀದಾ ಗೊರಗುಂಟೆಪಾಳ್ಯದ ಹತ್ತಿರ ಇಳಿಸುತ್ತೆ. ಅದಕ್ಕೆ ಕಂಡಕ್ಟರನ್ನ ಮೊದಲೇ ಕೇಳಿ. 2024ರ ನವೆಂಬರ್‌ನಿಂದ ಹಸಿರು ಮಾರ್ಗದ ಮೆಟ್ರೊ ಮಾದಾವರದವರೆಗೂ ಬಂದಿದೆ. ಅಲ್ಲೇ ಇಳಿದು ಮೆಟ್ರೊ ಹತ್ತಿದ್ರೂ ಆಗುತ್ತೆ. ಪೀಣ್ಯ ಅಂತ ಒಂದು ಸ್ಟೇಷನ್ನು, ಪೀಣ್ಯ ಇಂಡಸ್ಟ್ರಿ ಅಂತ ಇನ್ನೊಂದು. ಹೊಸಬರು ಇಲ್ಲೇ ಗಲಿಬಿಲಿ ಆಗ್ತಾರೆ.

ಮೇನ್ ರೋಡಿನ ಎರಡೂ ಬದಿ ದೊಡ್ಡ ಬೋರ್ಡಿನ ಹೋಟೆಲ್‌ಗಳಿವೆ. ನಿಂತು ತಿನ್ನೋ ದರ್ಶಿನಿ, ಎ.ಸಿ. ಹಾಕಿದ ಬಿರಿಯಾನಿ ಹೋಟೆಲ್ಲು, ಬೇಕರಿ. ಅವು ಎಲ್ಲರಿಗೂ ಗೊತ್ತು. ದಿನಾ ದುಡಿಯೋರು ಅಲ್ಲಿ ಉಣ್ಣಲ್ಲ. ಅವರು ಉಣ್ಣೋ ಜಾಗಕ್ಕೆ ಬೋರ್ಡ್ ಇರಲ್ಲ. ಇದ್ರೂ ತಗಡಿನ ಮೇಲೆ ಬಣ್ಣದಲ್ಲಿ "ಊಟ ರೆಡಿ ಇದೆ" ಅಂತ ಬರೆದಿರುತ್ತೆ, ಅಷ್ಟೇ. ಹೋಗಬೇಕಾದ್ರೆ ಮೇನ್ ರೋಡ್ ಬಿಟ್ಟು ಒಳಗೆ, ಶೆಡ್‌ಗಳ ನಡುವಿನ ರಸ್ತೆಗೆ ಇಳೀಬೇಕು. ಗಾಳಿಯಲ್ಲಿ ಕೂಲೆಂಟ್ ಎಣ್ಣೆ ವಾಸನೆ, ಲೇತ್ ಮೆಷಿನ್ ಸದ್ದು ಬಂತು ಅಂದ್ರೆ ದಾರಿ ಸರಿ ಇದೆ ಅಂತ ಅರ್ಥ.

ಬೆಳಿಗ್ಗೆ ಆರಕ್ಕೆ

ನೈಟ್ ಶಿಫ್ಟ್ ಬಿಡೋ ಹೊತ್ತು, ಡೇ ಶಿಫ್ಟ್ ಸೇರೋ ಹೊತ್ತು ಎರಡೂ ಒಂದೇ. ಆಗ ಬರ್ತವೆ ತಟ್ಟೆ ಇಡ್ಲಿ ಗಾಡಿಗಳು. ನಮ್ಮ ಜಿಲ್ಲೆಯವರಿಗೆ ತಟ್ಟೆ ಇಡ್ಲಿ ಅಂದ್ರೆ ಕ್ಯಾತ್ಸಂದ್ರ, ಮೈಸೂರು ರಸ್ತೆಯವರಿಗೆ ಬಿಡದಿ. ಈ ಜಗಳ ಪೀಣ್ಯದ ಗಾಡಿ ಮುಂದೆಯೂ ನಡೆಯುತ್ತೆ. ನಾವು ಹೋಗೋ ಗಾಡಿಯವರು ಗುಬ್ಬಿ ಕಡೆಯವರು. ಹಿಟ್ಟಿಗೆ ಸ್ವಲ್ಪ ಸಬ್ಬಕ್ಕಿ ಸೇರಿಸ್ತಾರೆ, ಅದಕ್ಕೆ ಇಡ್ಲಿ ಅಷ್ಟು ಮೆತ್ತಗೆ. ರಾತ್ರಿ ಎರಡಕ್ಕೆ ಎದ್ದು ಚಟ್ನಿಗೆ ಕಾಯಿ ತುರಿಯೋದು ಹೆಂಡತಿ, ಗಾಡಿ ತಳ್ಳೋದು ಗಂಡ. ಎಂಟೂವರೆಗೆ ಪಾತ್ರೆ ಖಾಲಿ. ಒಂಬತ್ತಕ್ಕೆ ಹೋಗಿ ಗಾಡಿ ಎಲ್ಲಿ ಅಂತ ಹುಡುಕಿದ್ರೆ ರಸ್ತೆ ಮೇಲೆ ನೀರು ಚೆಲ್ಲಿದ ಗುರುತು ಮಾತ್ರ ಇರುತ್ತೆ.

ಬೇಸಿಗೆಯಲ್ಲಿ ಅದೇ ರಸ್ತೆ ತುದಿಗೆ ಅಂಬಲಿ ಮಾರೋ ಅಜ್ಜಿ ಒಬ್ಬರು ಬರ್ತಾರೆ. ಸ್ಟೀಲ್ ಕ್ಯಾನು, ಈರುಳ್ಳಿ, ಹಸಿಮೆಣಸಿನಕಾಯಿ, ಮಜ್ಜಿಗೆ. ಹಿಂದಿನ ದಿನದ ರಾಗಿ ಗಂಜಿ ರಾತ್ರಿಯಿಡೀ ಹುಳಿ ಬಂದಿರುತ್ತೆ. ಫರ್ನೇಸ್ ಮುಂದೆ ನಿಲ್ಲೋ ಹುಡುಗರು ಎರಡು ಲೋಟ ಕುಡಿದು ಹೋಗ್ತಾರೆ. "ಟೀ ಕುಡಿದ್ರೆ ಹನ್ನೊಂದಕ್ಕೆ ಹೊಟ್ಟೆ ಉರಿಯುತ್ತಣ್ಣ, ಇದು ಕುಡಿದ್ರೆ ಒಂದು ಗಂಟೆವರೆಗೂ ಅಲ್ಲಾಡಲ್ಲ" ಅಂತ ಒಬ್ಬ ಹುಡುಗ ಹೇಳಿದ. ಊರಲ್ಲಿದ್ದಾಗ ಇದೇ ಹುಡುಗರು ಅಂಬಲಿ ಕಂಡ್ರೆ ಮುಖ ತಿರುಗಿಸ್ತಿದ್ರು. ನಾವೂ ಅಷ್ಟೇ.

ಟೀ ಬಗ್ಗೆ ಬೇರೆ ಹೇಳೋದು ಬೇಡ. ಒಂದು ಟೀ, ಎರಡು ಲೋಟ, "ಬೈ ಟೂ". ದುಡ್ಡಿಲ್ಲದ ದಿನ ಇಬ್ಬರು ಒಂದು ಟೀ ಕುಡಿಯೋದಕ್ಕೆ ಬೆಂಗಳೂರಲ್ಲಿ ಯಾರೂ ನಾಚಿಕೊಳ್ಳಬೇಕಾಗಿಲ್ಲ. ಹೊಸದಾಗಿ ಹೋಗೋ ಹುಡುಗರಿಗೆ ಇದೊಂದು ಪದ ಹೇಳಿಕೊಡಿ.

ಅಗ್ಗದ ಊಟ ಅಂದ್ರೆ ಇಂದಿರಾ ಕ್ಯಾಂಟೀನೂ ಇದೆ. 2017ರ ಆಗಸ್ಟ್‌ನಲ್ಲಿ ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟಿದ್ರು. ಕೆಲಸ ಹುಡುಕೋ ದಿನಗಳಲ್ಲಿ ಎಷ್ಟೋ ಹುಡುಗರ ಹೊಟ್ಟೆ ಕಾದಿದೆ. ಹಾಗೆ ಅಂತ ಪ್ರತಿ ಶೆಡ್ಡಿನ ಪಕ್ಕ ಕ್ಯಾಂಟೀನ್ ಇರಲ್ಲ. ಮಧ್ಯಾಹ್ನದ ಬ್ರೇಕಲ್ಲಿ ಅಲ್ಲಿಗೆ ನಡೆದು ಹೋಗಿ ಬರೋಷ್ಟು ಹೊತ್ತು ಇರಬೇಕಲ್ಲ.

ಮಧ್ಯಾಹ್ನದ ಅರ್ಧ ಗಂಟೆ

ಪೀಣ್ಯದ ಊಟ ಅರ್ಥ ಆಗಬೇಕಂದ್ರೆ ಈ ಅರ್ಧ ಗಂಟೆ ಅರ್ಥ ಆಗಬೇಕು. ಸೈರನ್ ಆಗುತ್ತೆ. ಕೈ ತೊಳೆಯೋಕೆ ಐದು ನಿಮಿಷ, ಎಣ್ಣೆ ಜಿಡ್ಡು ಬೇಗ ಹೋಗಲ್ಲ. ನಡೆಯೋಕೆ ಮೂರು ನಿಮಿಷ, ವಾಪಸ್ ಮೂರು ನಿಮಿಷ. ಸರದಿ ಕಾಯೋದೂ ಉಣ್ಣೋದೂ ಎಲ್ಲ ಸೇರಿ ಉಳಿಯೋದು ಹತ್ತೊಂಬತ್ತು ನಿಮಿಷ. ಲೇಟಾದ್ರೆ ಅರ್ಧ ದಿನದ ಸಂಬಳ ಕಟ್ ಮಾಡೋ ಜಾಗಗಳೂ ಇವೆ. ಅದಕ್ಕೆ ಇಲ್ಲಿನ ಮೆಸ್ಸುಗಳಲ್ಲಿ ಮೆನು ಕಾರ್ಡ್ ಇಲ್ಲ, ಏನು ಬೇಕು ಅಂತ ಕೇಳೋರೂ ಇಲ್ಲ. ಕೂತ ತಕ್ಷಣ ತಟ್ಟೆ ಬರುತ್ತೆ.

ಮುದ್ದೆ ಮೆಸ್ಸು ನಡೆಸೋರು ಹೆಚ್ಚಾಗಿ ತುಮಕೂರು, ಮಂಡ್ಯ, ಹಾಸನ ಕಡೆಯವರು. ಸೋಮವಾರ ಬಸ್ಸಾರು, ಮಂಗಳವಾರ ಉಪ್ಸಾರು, ಬುಧವಾರ ಮೊಳಕೆ ಹುರುಳಿಕಾಳು, ಹೀಗೆ ವಾರಕ್ಕೆ ಒಂದು ಲೆಕ್ಕ ಇರುತ್ತೆ. ಭಾನುವಾರ ಕೋಳಿ ಸಾರು. ನಾವು ಮೊನ್ನೆ ಉಂಡ ಕಡೆ ಒಂದು ಮುದ್ದೆ, ಅನ್ನ, ಸಾರು, ಮಜ್ಜಿಗೆಗೆ 60 ರೂಪಾಯಿ. ಎರಡನೇ ಮುದ್ದೆಗೆ 15. ಮುದ್ದೆ ಗಟ್ಟಿ ಇರಲ್ಲ, ಸ್ವಲ್ಪ ಮೆತ್ತಗೆ. ಯಾಕೆ ಅಂತ ಕೇಳಿದ್ವಿ. "ಬೇಗ ನುಂಗ್ಲಿ ಅಂತ ಕಣಣ್ಣ, ಸೈರನ್ ಆಗುತ್ತಲ್ಲ" ಅಂದ್ರು ಮೆಸ್ಸಿನವರು.

ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಈ ಮೆಸ್ಸುಗಳಲ್ಲಿ ಕಾಣೋದು ಕಮ್ಮಿ. ಅವರು ಬೆಳಿಗ್ಗೆ ಐದಕ್ಕೇ ಎದ್ದು ಡಬ್ಬಿ ಕಟ್ಟಿಕೊಂಡು ಬಂದಿರ್ತಾರೆ. ಮಧ್ಯಾಹ್ನ ಮೂರು ಜನ, ಮೂರು ಡಬ್ಬಿ ಬಿಚ್ಚಿ, ಮೂರು ತರ ಪಲ್ಯ ಹಂಚಿಕೊಂಡು ಉಣ್ತಾರೆ. ಅವರದ್ದು ಅಂತ ಒಂದು ಜಾಗ ಇದ್ರೆ ಅದು ಸಂಜೆ ಐದೂವರೆಗೆ ಗೇಟಿನ ಮುಂದೆ ಸೇರೋ ಸಾಲು. ಸೊಪ್ಪಿನ ಗಾಡಿ, ತರಕಾರಿ ಗಾಡಿ, ನಡುವೆ ಒಂದು ಚುರುಮುರಿ ಗಾಡಿ. ಮನೆಗೆ ಹೋಗಿ ಮತ್ತೆ ಒಲೆ ಮುಂದೆ ನಿಲ್ಲೋ ಮುಂಚೆ ಹತ್ತು ನಿಮಿಷ ನಿಂತು, ನಕ್ಕು, ಚುರುಮುರಿ ತಿಂದು ಹೋಗ್ತಾರೆ. ಇಡೀ ದಿನದಲ್ಲಿ ಅವರಿಗೆ ಬೇರೆಯವರು ಕೈಗೆ ಕೊಡೋ ತಿನಿಸು ಅದೊಂದೇ.

ಕತ್ತಲಾದ ಮೇಲೆ

ಏಳು ಗಂಟೆ ಮೇಲೆ ಪೀಣ್ಯದ ಒಳರಸ್ತೆಗಳ ಮಾತೇ ಬದಲಾಗುತ್ತೆ. ಬಿಹಾರ, ಉತ್ತರ ಪ್ರದೇಶ, ಒಡಿಶಾ, ಅಸ್ಸಾಮಿನಿಂದ ಬಂದ ಹುಡುಗರು ರೂಮುಗಳಿಂದ ಹೊರಗೆ ಬರ್ತಾರೆ. ಒಂದು ಮೂಲೆಯಲ್ಲಿ ಕೆಂಡದ ಒಲೆ ಮೇಲೆ ಲಿಟ್ಟಿ ಸುಡ್ತಾ ಇರ್ತಾರೆ. ಲಿಟ್ಟಿ ಅಂದ್ರೆ ಗೋಧಿ ಹಿಟ್ಟಿನ ಉಂಡೆ, ಒಳಗೆ ಹುರಿದ ಕಡಲೆಯ ಹಿಟ್ಟು, ಬೆಳ್ಳುಳ್ಳಿ, ಮೆಣಸಿನಕಾಯಿ. ಜೊತೆಗೆ ಸುಟ್ಟ ಬದನೆಕಾಯಿ, ಆಲೂಗಡ್ಡೆ ಹಿಸುಕಿ ಮಾಡಿದ ಚೋಖಾ. ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿಗೆ ಹುಣಸೆಹಣ್ಣು ಬಿಟ್ಟು ಸಾಸಿವೆ ಎಣ್ಣೆ ಹಾಕಿದ ಹಾಗೆ. ಮೊದಲ ಸಲ ತಿಂದಾಗ ಮೂಗಿಗೆ ಹತ್ತಿತು, ಮೂರನೇ ಸಲಕ್ಕೆ ರೂಢಿ ಆಯ್ತು. ಆ ಹುಡುಗರ ಊರಿನಿಂದಲೂ ರಾತ್ರಿ ಫೋನ್ ಬರುತ್ತೆ. ಭಾಷೆ ಗೊತ್ತಿಲ್ಲದಿದ್ರೂ ಏನು ಕೇಳ್ತಾರೆ ಅಂತ ನಮಗೆ ಗೊತ್ತಾಗುತ್ತೆ.

ಕುಡಿಯೋದು ಅಂದ್ರೆ ಬಾರ್ ಬಗ್ಗೆಯೂ ಬರೀರಿ ಅಂತ ಕೆಲವರು ಕೇಳ್ತಾರೆ. ಅವುಗಳಿಗೆ ದಾರಿ ತೋರಿಸೋ ಅಗತ್ಯ ಇಲ್ಲ. ಸಂಬಳದ ದಿನ ಅವುಗಳ ಮುಂದೆ ಬೇಯಿಸಿದ ಮೊಟ್ಟೆ, ಕಬಾಬ್ ಗಾಡಿಗಳು ರಾತ್ರಿ ಹನ್ನೊಂದರವರೆಗೂ ನಿಂತಿರ್ತವೆ. ಅದೇ ಹುಡುಗರು 25ನೇ ತಾರೀಖಿಗೆ ಎಲ್ಲಿ ಉಣ್ತಾರೆ ಅನ್ನೋದು ನಮಗೆ ಮುಖ್ಯ.

25ರ ನಂತರ ಉಣ್ಣೋ ಜಾಗ

ಅದು ರೊಟ್ಟಿ ಮೆಸ್ಸು. ನಡೆಸೋ ಅಕ್ಕ ಬಾಗಲಕೋಟೆ ಕಡೆಯವರು. ಗಂಡ ಗಾರೆ ಕೆಲಸಕ್ಕೆ ಅಂತ ಕರಕೊಂಡು ಬಂದು, ಮೇಲಿಂದ ಬಿದ್ದು ಸೊಂಟ ಹೋದ ಮೇಲೆ ಅಕ್ಕ ರೊಟ್ಟಿ ಬಡಿಯೋಕೆ ಶುರು ಮಾಡಿದ್ರು. ನಾವು ಮೊದಲು ನೋಡಿದಾಗ ಹತ್ತಡಿ ಅಗಲದ ಒಂದು ಕೋಣೆ. ಎರಡು ಬೆಂಚು, ಒಮ್ಮೆಗೆ ಹನ್ನೆರಡು ಜನ. ಬಿಸಿ ಜೋಳದ ರೊಟ್ಟಿ ಎರಡು, ಒಂದು ಕಾಳು ಪಲ್ಯ, ಒಂದು ಸೊಪ್ಪು, ಶೇಂಗಾ ಹಿಂಡಿ, ಅನ್ನ, ಸಾರು, ಮಜ್ಜಿಗೆ. ಶನಿವಾರ ಜುಣಕ. ಅದೃಷ್ಟ ಇದ್ದ ದಿನ ಪುಂಡಿ ಪಲ್ಯ. ಊಟಕ್ಕೆ 70 ರೂಪಾಯಿ, ತಿಂಗಳ ಲೆಕ್ಕಕ್ಕೆ ಎರಡು ಹೊತ್ತು 3,600.

ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿದಾರೆ. ಅದರ ಕೆಳಗೆ ಮೊಳೆಗೆ ನೇತುಹಾಕಿದ ಒಂದು ಉದ್ದ ನೋಟ್‌ಬುಕ್. ನಿಜವಾದ ಲೆಕ್ಕ ನಡೆಯೋದು ಆ ಪುಸ್ತಕದಲ್ಲಿ. ಹುಡುಗ ಉಂಡು ಎದ್ದು, ಕೈ ತೊಳೆದು, ತನ್ನ ಹೆಸರಿನ ಹಾಳೆ ತೆಗೆದು ತಾನೇ ಒಂದು ಗೆರೆ ಎಳೀತಾನೆ. ಅಕ್ಕ ನೋಡೋದೂ ಇಲ್ಲ, ರೊಟ್ಟಿ ಹಂಚಿನ ಮೇಲೆ ಇರುತ್ತೆ. 7ನೇ ತಾರೀಖಿಗೆ ಸಂಬಳ ಆದಾಗ ಗೆರೆ ಎಣಿಸಿ ಕೊಡ್ತಾರೆ. ಆಧಾರ್ ಕೇಳಲ್ಲ, ಅಡ್ವಾನ್ಸ್ ಕೇಳಲ್ಲ. ಹೊಸಬ ಬಂದ್ರೆ ಒಂದೇ ಪ್ರಶ್ನೆ, "ಯಾರ ಕಡಿಯವನಪಾ ನೀ?" ಮೊದಲೇ ಉಣ್ಣೋ ಒಬ್ಬ ಹುಡುಗ "ನಮ್ಮ ರೂಮಿನವನೇ ಅಕ್ಕ" ಅಂದ್ರೆ ಮುಗೀತು, ಹೊಸ ಹಾಳೆ ತೆರೆಯುತ್ತೆ.

ನಾವು ಮಾಡಿದ ತಪ್ಪು

ಎರಡು ವರ್ಷದ ಹಿಂದೆ ಒಂದು ಭಾನುವಾರದ ಪುಟಕ್ಕೆ ಲೇಖನ ಬೇಕು ಅಂತ ಕೇಳಿದ್ರು. ಬೆಂಗಳೂರಿನ ಹೊರವಲಯದಲ್ಲಿ ಯಾರಿಗೂ ಗೊತ್ತಿಲ್ಲದ ರುಚಿಗಳು, ಇದು ವಿಷಯ. ನಮಗೆ ಖುಷಿ. ತಾಲ್ಲೂಕು ಪಂಚಾಯ್ತಿ ಸಭೆ, ಚರಂಡಿ, ಅಪಘಾತ ಬಿಟ್ಟು ಬೇರೆ ಏನಾದ್ರೂ ಬರೆಯೋ ಅವಕಾಶ. ಆ ರೊಟ್ಟಿ ಮೆಸ್ಸಿನ ಬಗ್ಗೆ ಬರೆದ್ವಿ. ಹೆಸರು ಹಾಕಿದ್ವಿ, ಅಡ್ಡರಸ್ತೆ ನಂಬರ್ ಹಾಕಿದ್ವಿ, ಮ್ಯಾಪಿನಲ್ಲಿ ಜಾಗ ಗುರುತು ಮಾಡಿದ್ವಿ. ಅಕ್ಕ ರೊಟ್ಟಿ ಬಡಿಯೋ 47 ಸೆಕೆಂಡಿನ ವಿಡಿಯೊವನ್ನೂ ಬಿಟ್ವಿ. ಬರೆದಿದ್ದಕ್ಕೆ ನಮಗೆ ಬಂದಿದ್ದು 350 ರೂಪಾಯಿ. ವಿಡಿಯೊ ಮಾತ್ರ ಓಡಿತು.

ನಾವು ಊರಲ್ಲಿ ಕೂತು ಎಷ್ಟು ಜನ ನೋಡಿದ್ರು ಅಂತ ಎಣಿಸ್ತಾ ಇದ್ವಿ. ಅಲ್ಲಿ ನಡೆದಿದ್ದು ಬೇರೆ.

ಶನಿವಾರ ಕಾರು, ಬೈಕು ಬರೋಕೆ ಶುರುವಾದವು. ಬಂದವರು ಕೆಟ್ಟವರಲ್ಲ. ನಮ್ಮ ಮಾತು ನಂಬಿ ಬಂದವರು, ರೊಟ್ಟಿ ಹೊಗಳಿ, ದುಡ್ಡು ಕೊಟ್ಟು ಹೋದವರು. ಆದ್ರೆ ಅವರಿಗೆ ಸೈರನ್ ಇರಲಿಲ್ಲ. ಫೋಟೊ ತೆಗೆದು, ಇನ್ನೊಂದು ರೊಟ್ಟಿ ಹೇಳಿ, ನಲವತ್ತು ನಿಮಿಷ ಕೂರ್ತಿದ್ರು. ಹತ್ತು ನಿಮಿಷಕ್ಕೆ ಒಂದು ಪಂಕ್ತಿ ಏಳಬೇಕಾದ ಬೆಂಚು ಅದು. ಅಕ್ಕಪಕ್ಕದ ಶೆಡ್ಡಿನವರು ಮೊದಲು, ದೂರದವರು ಕೊನೆಗೆ ಅಂತ ಅರ್ಧ ಗಂಟೆಗೆ ಮೂರು ಪಂಕ್ತಿ, ಮೂವತ್ತಾರು ಜನ ಉಣ್ಣೋ ಕಡೆ ಹನ್ನೆರಡೇ ಜನ ಉಂಡ್ರು. ಮಿಕ್ಕವರು ಬಾಗಿಲಲ್ಲಿ ನಿಂತು, ಗಡಿಯಾರ ನೋಡಿ, ಬಾಳೆಹಣ್ಣು ತಿಂದು ವಾಪಸ್ ಹೋದ್ರು.

ಕಟ್ಟಡದ ಓನರ್ ಇದನ್ನೆಲ್ಲ ನೋಡಿದ. ವ್ಯಾಪಾರ ಜೋರಾಗಿದೆ ಅಂದುಕೊಂಡ. 9,000 ಇದ್ದ ಬಾಡಿಗೆ 15,000 ಮಾಡಿ ಅಂದ, ಮೇಲೆ ಹೊಸ ಅಡ್ವಾನ್ಸ್. ಮೂರು ತಿಂಗಳಿಗೆ ಅಕ್ಕ ಜಾಗ ಖಾಲಿ ಮಾಡಿದ್ರು. ಅಷ್ಟು ಹೊತ್ತಿಗೆ ಕಾರಿನವರೂ ಬರೋದು ನಿಲ್ಲಿಸಿದ್ರು, ಬೇರೆ ವಿಡಿಯೊ ಬಂದಿತ್ತು.

ಇದೆಲ್ಲ ನಮಗೆ ಗೊತ್ತಾಗಿದ್ದು ನಮ್ಮ ಹೋಬಳಿಯ ಒಬ್ಬ ಹುಡುಗನಿಂದ. ಹಬ್ಬಕ್ಕೆ ಬಂದಿದ್ದ. "ನೀವು ಬರೆದ್ರಲ್ಲಣ್ಣ, ಆಮೇಲೆ ನಮಗೆ ಊಟ ತಪ್ಪೋಯ್ತು" ಅಂದ. ಸಿಟ್ಟಿನಿಂದ ಹೇಳಿದ್ರೆ ತಿರುಗಿ ಏನಾದ್ರೂ ಅನ್ನಬಹುದಿತ್ತು. ಅವನು ನಗ್ತಾ ಹೇಳಿದ. ಬಸ್‌ಸ್ಟ್ಯಾಂಡಲ್ಲಿ ನಾವಿಬ್ಬರೂ ಸುಮ್ಮನೆ ನಿಂತ್ವಿ. ಡಿಪ್ಲೊಮಾದಲ್ಲಿ ಸುದ್ದಿ ಬರೆಯೋದು ಹೇಗೆ, ಶೀರ್ಷಿಕೆ ಕೊಡೋದು ಹೇಗೆ ಅಂತೆಲ್ಲ ಹೇಳಿಕೊಟ್ಟಿದ್ರು. ಬರೆದ ಮೇಲೆ ಆ ಮನೆ ಬಾಗಿಲಿಗೆ ಮತ್ತೊಮ್ಮೆ ಹೋಗಿ ಏನಾಯ್ತು ಅಂತ ನೋಡಬೇಕು ಅನ್ನೋದನ್ನ ನಾವೇ ಕಲೀಬೇಕಿತ್ತು.

ಮತ್ತೆ ಹೋದಾಗ

ಹುಡುಕೋಕೆ ಒಂದು ಇಡೀ ದಿನ ಹಿಡೀತು. ಹಳೇ ಕೋಣೆಯಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ಅಂಬಲಿ ಅಜ್ಜಿಯನ್ನ ಕೇಳಿದ್ವಿ, ಇಡ್ಲಿ ಗಾಡಿಯವರನ್ನ ಕೇಳಿದ್ವಿ. ಎಲ್ಲರಿಗೂ ಗೊತ್ತು, ಯಾರೂ ಹೇಳಲಿಲ್ಲ. ಕೈಯಲ್ಲಿ ಕ್ಯಾಮೆರಾ ಇತ್ತಲ್ಲ. ಕೊನೆಗೆ ಕ್ಯಾಮೆರಾ ಬ್ಯಾಗಿಗೆ ಹಾಕಿ, ಮಧ್ಯಾಹ್ನ ಸೈರನ್ ಆದಾಗ ಹುಡುಗರ ಹಿಂದೆ ನಡೆದ್ವಿ. ಎರಡು ತಿರುವು ಆಚೆ, ತಗಡಿನ ಶೆಡ್ಡು, ಮುಂದೆ ಇಪ್ಪತ್ತು ಜೊತೆ ಚಪ್ಪಲಿ.

ಅಕ್ಕ ನೋಡಿದ ತಕ್ಷಣ ಗುರುತು ಹಿಡಿದ್ರು. ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ. ಪಂಕ್ತಿ ಎಲ್ಲ ಎದ್ದ ಮೇಲೆ, ಒಂದೂವರೆಗೆ, ನಮ್ಮ ಮುಂದೆ ಎರಡು ತಟ್ಟೆ ಇಟ್ಟು ಕೂತ್ರು.

"ನಮ್ಮಿಂದ ತೊಂದರೆ ಆಯ್ತಂತೆ ಅಕ್ಕ" ಅಂದ್ವಿ.

"ಆತ್ರಿ" ಅಂದ್ರು. ಇಲ್ಲ ಬಿಡ್ರಿ ಅನ್ನಲಿಲ್ಲ. "ಬರೀಬ್ಯಾಡ್ರಿ ಅಂತ ನಾ ಅಂದಿದ್ದಿಲ್ಲ. ಬರೀರಿ ಅಂತಾನೂ ಅಂದಿದ್ದಿಲ್ಲ. ನೀವು ಕೇಳ್ಲೇ ಇಲ್ಲ."

ಅದು ನಿಜ. ರೊಟ್ಟಿ ಹೇಗೆ ಮಾಡ್ತೀರಿ, ಜೋಳ ಎಲ್ಲಿಂದ ತರ್ತೀರಿ, ದಿನಕ್ಕೆ ಎಷ್ಟು ಸೇರು ಎಲ್ಲ ಕೇಳಿದ್ವಿ. ಬರೆದ್ರೆ ನಡೆಯುತ್ತಾ ಅಂತ ಕೇಳಿರಲಿಲ್ಲ. ಬಡವರ ಅಂಗಡಿ ಬಗ್ಗೆ ಬರೆದ್ರೆ ಉಪಕಾರ ಮಾಡಿದ ಹಾಗೆ ಅಂತ ನಾವೇ ತೀರ್ಮಾನ ಮಾಡಿಕೊಂಡಿದ್ವಿ.

ಈ ಸಲ ಕೇಳಿದ್ವಿ. ಅಕ್ಕ ಸ್ವಲ್ಪ ಹೊತ್ತು ಯೋಚಿಸಿದ್ರು. "ಹೆಸರ ಬ್ಯಾಡ, ಜಾಗಾ ಬ್ಯಾಡ. ಉಳಿದಿದ್ದು ಬರೀರಿ" ಅಂದ್ರು. ಆಮೇಲೆ ಎದ್ದು ಹೋಗಿ ಮೊಳೆಯಿಂದ ಆ ಪುಸ್ತಕ ತಂದ್ರು. ಹಿಂದಿನ ಹಾಳೆಗಳನ್ನ ತೆರೆದ್ರು. ಗೆರೆಗಳು ಅರ್ಧಕ್ಕೇ ನಿಂತ ಹಾಳೆಗಳು. ಒಟ್ಟು ಇಪ್ಪತ್ತಮೂರು ಹುಡುಗರು. ಕೆಲಸ ಹೋಯ್ತು, ಊರಿಗೆ ಹೋದ್ರು, ಬೇರೆ ಕಡೆ ಸೇರಿದ್ರು. ಲೆಕ್ಕ ಹಾಗೇ ಉಳೀತು.

"ಇದನ್ನ ಬರೀರಿ" ಅಂದ್ರು. "ಮೋಸ ಮಾಡ್ಯಾರ ಅಂತ ಬರೀಬ್ಯಾಡ್ರಿ. ನಾಚಿಕಿ ಬಂದು ಈ ದಾರಿ ಬಿಟ್ಟಾರ. ರೊಕ್ಕ ಇಲ್ಲ ಅಂತ ಉಪಾಸ ಇರಬ್ಯಾಡ್ರಿ ಅಂತ ಅವರ ಅವ್ವಂದ್ರು ಹೇಳ್ಲಿ. ನಿಮ್ಮದು ಹಳ್ಯಾಗ ಓದ್ತಾರಲ್ಲಾ?"

ಓದ್ತಾರೆ ಅಂದ್ವಿ.

ಆ ಇಪ್ಪತ್ತಮೂರು ಹೆಸರಲ್ಲಿ ಒಂದು ನಮ್ಮ ಹೋಬಳಿಯದ್ದು. ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ ಹುಡುಗನ ರೂಮಿನವನೇ. ಅವನ ಬಾಕಿ 1,140 ರೂಪಾಯಿ. ನಾವು ಜೇಬಿಗೆ ಕೈ ಹಾಕಿದ್ವಿ, ಅವನದ್ದು ನಾವು ಕೊಡ್ತೀವಿ ಅಂದ್ವಿ. ನಮ್ಮ ತಪ್ಪಿಗೂ ಒಂದಿಷ್ಟು ಪರಿಹಾರ ಆಗಲಿ ಅನ್ನೋ ಲೆಕ್ಕವೂ ಒಳಗಿತ್ತು. ಅಕ್ಕ ಪುಸ್ತಕ ಮುಚ್ಚಿಬಿಟ್ರು.

"ನೀವು ಕೊಟ್ರ ಅವನ ಹಾಳಿ ಮುಗೀತು. ಅವ ಮತ್ಯಾಕ ಬರ್ತಾನ? ಅವನ ಬರಲಿ ತಗೀರಿ. ಬಂದ್ರ ಉಂಡು ಹೊಕ್ಕಾನ."

ನಮ್ಮ ಎರಡು ಊಟದ 140 ರೂಪಾಯಿ ಮಾತ್ರ ತಗೊಂಡ್ರು.

ನೀವು ಹೋದರೆ

ಅದಕ್ಕೆ ಈ ಬರಹದಲ್ಲಿ ಒಂದೂ ಹೆಸರಿಲ್ಲ. ಆದ್ರೆ ನಿಮ್ಮ ಮಕ್ಕಳು ಹೋದಾಗ, ನೀವೇ ಯಾವುದೋ ಕೆಲಸಕ್ಕೆ ಆ ಕಡೆ ಹೋದಾಗ ಇಂಥ ಜಾಗ ಹುಡುಕೋದು ಕಷ್ಟ ಅಲ್ಲ. ನಮಗೆ ಗೊತ್ತಿರೋದು ಇಷ್ಟು.

ಮೇನ್ ರೋಡಿನಿಂದ ಎರಡು ತಿರುವು ಒಳಗೆ ಹೋಗಿ. ಬೋರ್ಡ್ ನೋಡಬೇಡಿ, ಬಾಗಿಲ ಮುಂದಿನ ಚಪ್ಪಲಿ ನೋಡಿ. ಸೇಫ್ಟಿ ಶೂ ಹೆಚ್ಚಿದ್ರೆ ಊಟ ಚೆನ್ನಾಗಿದೆ, ದರ ಕಮ್ಮಿ ಇದೆ ಅಂತ ಅರ್ಥ.

ದುಡಿಯೋರ ಊಟದ ಹೊತ್ತಲ್ಲಿ ಹೋಗಬೇಡಿ. ಹನ್ನೆರಡಕ್ಕೆ ಮುಂಚೆ, ಇಲ್ಲಾಂದ್ರೆ ಒಂದೂವರೆ ಮೇಲೆ ಹೋಗಿ. ಉಂಡ ತಕ್ಷಣ ಜಾಗ ಬಿಡಿ. ಮಾತು ಹೊರಗೆ ನಿಂತು ಆಡಿ.

ಹುಡುಗರಿಗೆ ಹೇಳಿ, ಕೆಲಸಕ್ಕೆ ಸೇರಿದ ಮೊದಲ ದಿನವೇ ಜೊತೆಯವರನ್ನ ಕೇಳಬೇಕು, "ನೀವು ಎಲ್ಲಿ ಉಣ್ತೀರಾ?" ಅಂತ. ರೂಮು ಹುಡುಕೋದಕ್ಕಿಂತ ಮೊದಲು ಇದು ಗೊತ್ತಾಗಬೇಕು. ತಿಂಗಳ ಲೆಕ್ಕಕ್ಕೆ ಸೇರಿದ್ರೆ ಊಟಕ್ಕೆ ಬಾರದ ದಿನ ಬೆಳಿಗ್ಗೆಯೇ ಫೋನ್ ಮಾಡಿ ಹೇಳಬೇಕು. ಒಬ್ಬರ ಊಟ ಉಳಿದ್ರೆ ಆ ದಿನದ ಲಾಭ ಹೋಯ್ತು.

ಗಾಡಿ ಇಡೋಕೆ ಅಂತ ನಿಮ್ಮೂರಿಂದ ಯಾರಾದ್ರೂ ಹೋಗ್ತಾ ಇದ್ರೆ ಇನ್ನೊಂದು ಮಾತು. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಇದೆ. ಪಾಲಿಕೆ ಸಮೀಕ್ಷೆ ಮಾಡಿದಾಗ ಹೆಸರು ಬರೆಸಿ ಗುರುತಿನ ಚೀಟಿ, ಪ್ರಮಾಣಪತ್ರ ಮಾಡಿಸಿಕೊಳ್ಳಿ. ಚೀಟಿ ಇದ್ದ ಮಾತ್ರಕ್ಕೆ ಎತ್ತಿಸೋಕೆ ಬರಲ್ಲ ಅಂತ ಅಲ್ಲ, ಆದ್ರೆ ಎತ್ತಿಸೋಕೆ ಬಂದವರ ಹತ್ತಿರ ನಿಂತು ಮಾತಾಡೋಕೆ ಒಂದು ಕಾಗದ ಇರುತ್ತೆ.

ವಿಡಿಯೊ ಮಾಡ್ಬೇಕು ಅನ್ನಿಸಿದ್ರೆ ಮೊದಲು ಕೇಳಿ. ಕೈಯಲ್ಲಿ ಫೋನ್ ಇರೋ ಎಲ್ಲರೂ ಈಗ ನಮ್ಮ ಹಾಗೇ ಸ್ಟ್ರಿಂಗರ್‌ಗಳೇ.

ಕೊನೇ ಮಾತು

ಊರಿಗೆ ಬಂದ ಮೇಲೆ ಆ 1,140 ರೂಪಾಯಿಯ ಹುಡುಗನ ಮನೆ ಹುಡುಕಿದ್ವಿ. ಅವರ ತಾಯಿ ಸಂತೆಯಲ್ಲಿ ಸಿಕ್ಕಿದ್ರು, ಹುಣಸೆಹಣ್ಣು ಮಾರ್ತಾ ಇದ್ರು. ಬಾಕಿ ವಿಷಯ ಹೇಳಲಿಲ್ಲ. ಪೀಣ್ಯದ ಕಡೆ ಹೋಗಿದ್ವಿ, ನಿಮ್ಮ ಮಗನ ನಂಬರ್ ಕೊಡಿ ಅಂದ್ವಿ. ಕೊಟ್ರು. "ಚೆನ್ನಾಗವ್ನಾ? ದಿನಾ ಊಟ ಆಯ್ತು ಅಂತಾನೆ, ಬಂದಾಗ ನೋಡಿದ್ರೆ ಸೊರಗವ್ನೆ" ಅಂದ್ರು.

ಫೋನ್ ಮಾಡಿದ್ವಿ. ಈಗ ನೆಲಮಂಗಲದ ಹತ್ತಿರ ಒಂದು ಗೋಡೌನ್‌ನಲ್ಲಿ ಲೋಡಿಂಗ್ ಕೆಲಸವಂತೆ. ಅಕ್ಕನ ಹೆಸರು ಹೇಳಿದ ಕೂಡಲೇ ಆ ಕಡೆ ಮಾತು ನಿಂತುಹೋಯ್ತು.

"ಹೋಗೋಕೆ ಮುಖ ಇಲ್ಲಣ್ಣ" ಅಂದ ಆಮೇಲೆ.

ಅಕ್ಕ ಹೇಳಿದ ಮಾತು ಹಾಗೇ ಹೇಳಿದ್ವಿ. ನಾವು ಕೊಡೋಕೆ ಹೋಗಿದ್ದು, ಅವರು ತಗೊಳ್ಳದೆ ಇದ್ದಿದ್ದು ಎರಡನ್ನೂ ಹೇಳಿದ್ವಿ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ, "ಶನಿವಾರ ಜುಣಕ ಈಗ್ಲೂ ಮಾಡ್ತಾರಾ?"

ಮಾಡ್ತಾರೆ ಅಂದ್ವಿ.

"7ಕ್ಕೆ ಸಂಬಳ ಆಗುತ್ತೆ" ಅಂದ.

ಇದನ್ನ ಬರೆಯೋ ಹೊತ್ತಿಗೆ ಇನ್ನೂ 7 ಆಗಿಲ್ಲ. ಇನ್ನು ಇಪ್ಪತ್ತೆರಡು ಹಾಳೆಗಳಿವೆ, ಆ ಹುಡುಗರ ಊರುಗಳು ಬೇರೆ ಬೇರೆ. ನಿಮ್ಮ ಮನೆಯವರು ಪೀಣ್ಯದಲ್ಲಿ ಇದ್ದು ಬಂದಿದ್ರೆ, ಇವತ್ತು ರಾತ್ರಿ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿ. ಆಯ್ತು ಅಂದ ಮೇಲೆ, ಎಲ್ಲಿ ಅಂತ ಇನ್ನೊಂದು ಮಾತು ಕೇಳಿ.